ಆನ್‌ಲೈನ್‌ನಲ್ಲಿ ಕಾನೂನು ಕಲಿತು ವಕೀಲರ ಸಹಾಯಕರಾಗಬಹುದೇ?

ಕಾನೂನು ಪದವಿ ಇಲ್ಲದೆ, ಆನ್‌ಲೈನ್ ಕೋರ್ಸ್ ಮಾಡಿ ವಕೀಲರ ಕಚೇರಿಯಲ್ಲಿ ಸಹಾಯಕರಾಗಬಹುದಾ ಎಂದು ಕೇಳಿದ್ದೀರಿ. ಆಗಬಹುದು. ಆದರೆ ಕೋರ್ಸ್ ಒಂದೇ ಸಾಲದು.

ಮೊದಲು ನೋಡಬೇಕಾದ್ದು, ಅದು ಯಾವ ದೇಶದ ಕಾನೂನು ಎಂಬುದು. ಕೋರ್ಸೆರಾ ಎಂಬ ಆನ್‌ಲೈನ್ ಕೋರ್ಸ್‌ಗಳ ತಾಣದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪರಿಚಯ ಕೋರ್ಸ್ ಇದೆ. ಚೆನ್ನಾಗಿದೆ, ಆದರೆ ಅದು ಅಮೆರಿಕದ ಕಾನೂನು. ಬೇರೆ ಕಡೆ ಕೆಲಸ ಮಾಡುವವರಿಗೆ ಅಮೆರಿಕದ ಕೋರ್ಟ್ ನಿಯಮ ಉಪಯೋಗಕ್ಕೆ ಬರುವುದಿಲ್ಲ.

ಕಲಿಯುವಾಗ ಕರಾರು ಕಾನೂನಿಗೆ ಜಾಸ್ತಿ ಸಮಯ ಕೊಡಿ. ಕಚೇರಿಯಲ್ಲಿ ಕೈಗೆ ಬರುವ ಕಾಗದಗಳಲ್ಲಿ ಬಹಳಷ್ಟು ಅದೇ. ಇಂಗ್ಲೆಂಡಿನ ಒಂದು ಹಳೇ ಕೇಸ್ ನೋಡಿ. 'ನಮ್ಮ ಸ್ಮೋಕ್ ಬಾಲ್ (ಮೂಗಿನಿಂದ ಔಷಧ ಎಳೆದುಕೊಳ್ಳುವ ಚೆಂಡು) ಬಳಸಿದ ಮೇಲೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ' ಎಂದು ಕಂಪನಿಯೊಂದು ಜಾಹೀರಾತು ಕೊಟ್ಟಿತ್ತು. ಕಾರ್ಲಿಲ್ ಎಂಬಾಕೆ ಬಳಸಿದರು, ಫ್ಲೂ ಬಂತು. ಅದು ಸುಮ್ನೆ ಪ್ರಚಾರ ಎಂದಿತು ಕಂಪನಿ. ಕೋರ್ಟ್ ಒಪ್ಪಲಿಲ್ಲ. ಬ್ಯಾಂಕಿನಲ್ಲಿ 1000 ಪೌಂಡ್ ಇಟ್ಟಿದ್ದೇವೆ ಎಂದೂ ಬರೆದಿದ್ದರಲ್ಲ, ಹಾಗಾಗಿ ಅದು ನಿಜವಾದ ಪ್ರಸ್ತಾಪವೇ (ಆಫರ್) ಎಂದು 1892ರಲ್ಲಿ ತೀರ್ಪಾಯಿತು. ಈ ಒಂದೇ ಕೇಸಿನಿಂದ ಕರಾರಿಗೆ ಬೇಕಾದ ಪ್ರಸ್ತಾಪ, ಒಪ್ಪಿಗೆ, ಪ್ರತಿಫಲ (ಮಾತಿಗೆ ಬದಲಾಗಿ ಕೊಡುವುದು ಅಥವಾ ಮಾಡುವುದು) ಮೂರೂ ತಲೆಗೆ ಹತ್ತುತ್ತವೆ.

ಸಿವಿಲ್, ಕ್ರಿಮಿನಲ್ ವ್ಯತ್ಯಾಸವೂ ಗೊತ್ತಿರಲಿ.

ಇನ್ನು ಕೆಲಸದ ವಿಷಯ. ದಿನದ ಹೆಚ್ಚು ಹೊತ್ತು ಹೋಗುವುದು ಫೈಲ್ ಜೋಡಿಸಲು, ಕರಡು ಟೈಪ್ ಮಾಡಲು, ಕೊನೇ ದಿನಾಂಕಗಳು ತಪ್ಪದಂತೆ ನೋಡಿಕೊಳ್ಳಲು. ವಾದ ಮಾಡುವುದಲ್ಲ! ಒಂದು ದಿನ ತಪ್ಪಿದರೂ ಕೇಸೇ ಬಿದ್ದುಹೋಗಬಹುದು. ಹಾಗಾಗಿ ವರ್ಡ್, ಎಕ್ಸೆಲ್ ಕೈಗೆ ಹತ್ತಿರಲಿ. ಕಕ್ಷಿದಾರರು ಫೋನಿನಲ್ಲಿ 'ನಾನೇನು ಮಾಡಲಿ?' ಎಂದರೆ ಸಲಹೆ ಕೊಡಬೇಡಿ, ವಕೀಲರಿಗೆ ತಿಳಿಸಿ. ಕೋರ್ಸ್ ಅರ್ಧವಾಗುವಾಗಲೇ ಸಣ್ಣ ಕಚೇರಿಗಳಲ್ಲಿ ಕೆಲಸ ಕೇಳಲು ಶುರುಮಾಡಿ.