ಜೀನು ಕಂಡರೆ ಬೆನ್ನು ತಗ್ಗಿಸುವ ಕುದುರೆ: ಮಸಾಜ್ ಮಾಡಬಹುದೇ?

ಜೀನು ಹಾಕುವಾಗ ಕಿವಿ ಹಿಂದಕ್ಕೆ ಮಡಚಿ ಬೆನ್ನು ತಗ್ಗಿಸುವ ಕುದುರೆಗೆ ಮಸಾಜ್ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಮೊದಲು ಪಶುವೈದ್ಯರಿಗೆ ತೋರಿಸಿ. ಬೆನ್ನುನೋವಿನ ಮೂಲ ಎಷ್ಟೋ ಸಲ ಬೆನ್ನಿನಲ್ಲಿ ಇರುವುದೇ ಇಲ್ಲ. ಹಿಂಗಾಲಿನ ಕುಂಟು, ಜಠರದ ಹುಣ್ಣು, ಹೊಂದದ ಜೀನು, ಯಾವುದೂ ಆಗಿರಬಹುದು. ಸವಾರಿ ಮುಗಿದು ಜೀನು ಬಿಚ್ಚಿದೊಡನೆ ಬೆವರಿನ ಗುರುತು ನೋಡಿ. ಸುತ್ತಲೂ ಒದ್ದೆಯಾಗಿದ್ದು ನಡುವೆ ಸಣ್ಣ ಒಣ ಜಾಗ ಉಳಿದಿದ್ದರೆ ಜೀನನ್ನು ಪರೀಕ್ಷಿಸಲೇಬೇಕು. ಒತ್ತುವ ಜೀನನ್ನೇ ಮತ್ತೆ ಬಿಗಿದರೆ ಎಷ್ಟು ನೀವಿದರೂ ನೀರಿನಲ್ಲಿ ಹೋಮ ಮಾಡಿದಂತೆ.

ವೈದ್ಯರು ಒಪ್ಪಿದರೆ ಧಾರಾಳವಾಗಿ ಮಾಡಿ. ಬೆನ್ನೆಲುಬಿನ ಮೇಲೆ ಒತ್ತಬೇಡಿ. ಅದರ ಎರಡೂ ಪಕ್ಕದಲ್ಲಿ ಉದ್ದಕ್ಕೆ ಸಾಗುವ ಸ್ನಾಯುವನ್ನು ಹೆಗಲಿನ ಹಿಂದಿನಿಂದ ಸೊಂಟದವರೆಗೆ ಅಂಗೈಯಿಂದ ನಿಧಾನವಾಗಿ ನೀವಿ. ಕೈಯ ಕೆಳಗೆ ಸ್ನಾಯು ಥಟ್ಟನೆ ಅದುರಿದರೆ ಒತ್ತಡ ಇಳಿಸಿ, ಅಂಗೈಯನ್ನು ಸುಮ್ಮನೆ ಅಲ್ಲೇ ಇಟ್ಟು ಕಾಯಿರಿ. ತಲೆ ತಗ್ಗಿ, ಕೆಳದುಟಿ ಸಡಿಲವಾಗಿ, ಬಾಯಿ ಚಪ್ಪರಿಸತೊಡಗಿದರೆ ಅದಕ್ಕೆ ಹಿತವಾಗುತ್ತಿದೆ ಎಂದೇ ತಿಳಿಯಿರಿ. ಜ್ವರ, ಊತ, ಹಸಿ ಗಾಯ ಇದ್ದಾಗ ಬೇಡ. ದುಡಿಮೆಯ ನಂತರ ಸ್ನಾಯು ಬಿಗಿದು, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮಸಾಜೂ ಬೇಡ, ನಡೆಸುವುದೂ ಬೇಡ. ತಕ್ಷಣ ವೈದ್ಯರನ್ನು ಕರೆಸಿ.