ಕಷ್ಟಪಟ್ಟು ಮರಿ ಹಾಕಿದ ಮೇಕೇನ ಮತ್ತೆ ಹೋತಕ್ಕೆ ಯಾವಾಗ ಬಿಡ್ಬೋದು?

ನೀವು ಬರ್ದಿರೋದು ಇಷ್ಟು: ಯಲಹಂಕ ಕಡೆ ಮನೆ ಹಿಂದೆ ಮೂರ್ನಾಲ್ಕು ಮೇಕೆ ಸಾಕಿದೀರ, ಒಂದಕ್ಕೆ ಚೊಚ್ಚಲ ಸೂಲು, ರಾತ್ರಿಯೆಲ್ಲ ಮುಕ್ಕಿದ್ರೂ ಮರಿ ಬರ್ಲಿಲ್ಲ, ಬೆಳಿಗ್ಗೆ ಡಾಕ್ಟ್ರು ಕೈ ಹಾಕಿ ಎಳೆದ್ರು, ಒಂದು ಮರಿ ಸತ್ತಿತ್ತು ಒಂದು ಉಳ್ಕೊಂಡಿದೆ, ಈಗ ಹತ್ತು ದಿನ ಆಯ್ತು, ಪಕ್ಕದವರು ನೋಡಿದ್ರೆ "ಮುಂದಿನ ಬೆದೇಲೇ ಹೋತಕ್ಕೆ ಬಿಡಿ, ಇಲ್ಲಾಂದ್ರೆ ಗೊಡ್ಡು ಬೀಳತ್ತೆ" ಅಂತಿದಾರೆ.

ಬಿಡ್ಬೇಡಿ. ಒಂದೆರಡು ಬೆದೆ ತಪ್ಪಿದ್ರೆ ಯಾವ ಮೇಕೇನೂ ಗೊಡ್ಡು ಬೀಳಲ್ಲ, ಗರ್ಭಕೋಶದಲ್ಲಿ ಕೀವು ಉಳ್ಕೊಂಡ್ರೆ ಬೀಳತ್ತೆ. ಬೆದೆ 18ರಿಂದ 21 ದಿನಕ್ಕೊಂದು ಸಲ ಬರ್ತಾನೇ ಇರತ್ತೆ, ಅವಸರ ಏನಿಲ್ಲ.

ನಾನಾಗಿದ್ರೆ ಮೊದ್ಲು ಆ ಡಾಕ್ಟ್ರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ತೀನಿ, ಮರಿ ಯಾಕೆ ಸಿಕ್ಕಾಕ್ಕೊಂಡಿತ್ತು ಅಂತ. ಯಾವಾಗ ಬಿಡ್ಬೇಕು, ಯಾವ ಹೋತಕ್ಕೆ ಬಿಡ್ಬೇಕು, ಬಿಡ್ಲೇಬೇಕಾ, ಎಲ್ಲ ಅದ್ರ ಮೇಲೇ ನಿಂತಿದೆ. ಕಾಲು ಮಡಚ್ಕೊಂಡಿತ್ತು, ತಲೆ ಹಿಂದಕ್ಕೆ ತಿರುಗಿತ್ತು ಅಂದ್ರೆ ಅದು ಮರಿ ಅಡ್ಡಾಗಿದ್ದು, ತಾಯೀದೇನೂ ದೋಷ ಇಲ್ಲ, ಮುಂದಿನ ಸಲ ಸಲೀಸಾಗೇ ಹಾಕ್ಬೋದು. ಮರಿ ದೊಡ್ಡದು ದಾರಿ ಚಿಕ್ಕದು ಅಂದ್ರೆ ಒಂದೋ ಮೈ ಬಲಿಯೋ ಮುಂಚೆ ಗಬ್ಬ ಆಗಿದೆ, ಇಲ್ಲಾ ಹೋತ ತಪ್ಪು. ನಮ್ಮ ಕಡೆ ಇದೇ ಜಾಸ್ತಿ, ಬಕ್ರೀದ್ ಹೊತ್ತಿಗೆ ತೂಕ ಬರ್ಲಿ ಅಂತ ಸಣ್ಣ ನಾಟಿ ಮೇಕೆಗೆ ಬೋಯರ್ರೋ ಜಮುನಾಪಾರಿನೋ ಅಂತ ದೊಡ್ಡ ತಳಿ ಹೋತ ಬಿಡ್ತಾರೆ, ಅನುಭವಿಸೋದು ಮಾತ್ರ ಮೇಕೆ. ಗರ್ಭಕೋಶದ ಬಾಯಿ ತೆರೀಲೇ ಇಲ್ಲ, ಒಳಗೆ ಹರ್ದಿದೆ, ಅಥವಾ ಗಬ್ಬದಲ್ಲಿದ್ದಾಗ್ಲೇ ಮೈ (ಯೋನಿ ಭಾಗ) ಹೊರಗೆ ಬರ್ತಿತ್ತು ಅಂತೇನಾದ್ರೂ ಡಾಕ್ಟ್ರು ಅಂದ್ರೆ ನಾನಂತೂ ಅದನ್ನ ಮತ್ತೆ ಹೋತಕ್ಕೆ ಬಿಡಲ್ಲ, ಯಾಕಂದ್ರೆ ಇವೆಲ್ಲ ಮರುಕಳಿಸೋ ಸಾಧ್ಯತೆ ಇರತ್ತೆ.

ಇನ್ನು ಈಗಿನ ಆರೈಕೆ. ಸತ್ತೆ, ಅಂದ್ರೆ ಮಾಸು, ಪೂರ್ತಿ ಬಿತ್ತಾ ಅಂತ ನೀವು ಬರ್ದಿಲ್ಲ. ಸಾಮಾನ್ಯವಾಗಿ ಕೆಲವು ಗಂಟೇಲಿ ಬಿದ್ದೋಗತ್ತೆ, 12 ಗಂಟೆ ದಾಟಿದ್ರೆ ಡಾಕ್ಟ್ರಿಗೆ ಹೇಳ್ಬೇಕು, ಕೈಯಲ್ಲಿ ಎಳೀಬಾರ್ದು. ಹೆತ್ತ ಮೇಲೆ ಎರಡು ಮೂರು ವಾರ ಕೆಂಪು, ಕಂದು ಬಣ್ಣದ್ದು ಅಷ್ಟಿಷ್ಟು ಸೋರೋದು ಸಹಜ, ಅದು ದಿನೇ ದಿನೇ ಕಮ್ಮಿ ಆಗ್ಬೇಕು, ಗಬ್ಬು ನಾರಬಾರ್ದು. ನಾತ ಬಂದ್ರೆ, ಕೀವು ತರ ಕಂಡ್ರೆ, ಮೇವು ಬಿಟ್ಟು ಮೂಲೇಲಿ ನಿಂತ್ರೆ ಅದು ಗರ್ಭಕೋಶದ ಸೋಂಕು, ಕೈ ಹಾಕಿ ಎಳೆದ ಹೆರಿಗೇಲಿ ಇದ್ರ ಭಯ ಜಾಸ್ತಿ. ಮೆಡಿಕಲ್ ಶಾಪ್‌ನ ಡಿಜಿಟಲ್ ಥರ್ಮಾಮೀಟರೇ ಸಾಕು, ಗುದದಲ್ಲಿಟ್ಟು ನೋಡಿ. ಮೇಕೆಗೆ 102-103 ಫ್ಯಾರನ್‌ಹೀಟ್ ಮಾಮೂಲಿ, ಮನುಷ್ಯರ ಲೆಕ್ಕ ಹಿಡ್ದು ಗಾಬರಿ ಆಗ್ಬೇಡಿ, 104 ದಾಟಿದ್ರೆ ಮಾತ್ರ ಅವತ್ತೇ ತೋರ್ಸಿ, ಮೈ ತಣ್ಣಗಾಗಿ 100ಕ್ಕಿಂತ ಕೆಳಗಿಳಿದ್ರೆ ಅದು ಜ್ವರಕ್ಕಿಂತ ಕೆಟ್ಟದ್ದು. ನಿಮಗೆ ಬಳ್ಳಾರಿ ರೋಡಲ್ಲೇ ಹೆಬ್ಬಾಳದ ವೆಟರ್ನರಿ ಕಾಲೇಜ್ ಆಸ್ಪತ್ರೆ ಹತ್ರ ಆಗತ್ತೆ, ಕರ್ಕೊಂಡು ಹೋಗೋಕಾಗ್ಲಿಲ್ಲ ಅಂದ್ರೆ 1962ಕ್ಕೆ ಫೋನ್ ಮಾಡಿ ಇಲಾಖೆಯ ಸಂಚಾರಿ ಗಾಡಿ ಕೇಳಿ ನೋಡಿ. ಆಂಟಿಬಯಾಟಿಕ್ ಕೊಟ್ರೆ ಹಾಲು ಎಷ್ಟು ದಿನ ಮನೆಗೆ ಬಳಸ್ಬಾರ್ದು ಅಂತಾನೂ ಕೇಳ್ಕೊಳ್ಳಿ. ಟಿಟಿ ಇಂಜೆಕ್ಷನ್ ಆಗಿದ್ಯಾ ಅಂತಾನೂ.

ಆ ಸೋರೋದನ್ನ, ಕೊಳೆಯಾದ ಹುಲ್ಲನ್ನ ಬರಿಗೈಲಿ ಮುಟ್ಬೇಡಿ, ಮನೇಲಿ ಬಸುರಿ ಹೆಂಗಸ್ರಿದ್ರೆ ಕೊಟ್ಟಿಗೆ ಕಡೆ ಬರೋದೇ ಬೇಡ. ಬ್ರೂಸೆಲ್ಲಾ ತರದ ಸೋಂಕು ರೋಗ ಮೇಕೆಯಿಂದ ಮನುಷ್ಯರಿಗೂ ಬರತ್ತೆ.

ಹಿಂಗಾಲು ಎಳೀತಿದ್ರೆ ಒಳಗೆ ನರ ಒತ್ತಿರ್ಬೋದು, ಸಿಮೆಂಟ್ ನೆಲದ ಮೇಲೆ ಬಿಡ್ಬೇಡಿ, ಹುಲ್ಲು ದಪ್ಪಗೆ ಹಾಸಿ, ಏಳೋಕಾಗ್ದೆ ಮಲಗಿದ್ರೆ ಆಗಾಗ ಮಗ್ಗುಲು ಬದಲಾಯಿಸಿ. ಉಳಿದಿರೋದು ಒಂದೇ ಮರಿ ಅಲ್ವಾ, ಅದು ಒಂದೇ ಮೊಲೆ ಹಿಡ್ಕೊಂಡು ಕುಡೀತಾ ಇನ್ನೊಂದು ಕಡೆ ಹಾಲು ಕಟ್ಟತ್ತೆ, ದಿನಾ ಎರಡೂ ಕಡೆ ಮುಟ್ಟಿ ನೋಡಿ, ಬಿಸಿ, ಗಟ್ಟಿ, ಒಡೆದ ಹಾಲು ಕಂಡ್ರೆ ಕೆಚ್ಚಲು ಬಾವು.

ತಿನ್ನೋಕೆ ಏನ್ ಕೊಡ್ಬೇಕು ಅಂತ ಕೇಳಿದೀರ. ಬಾಣಂತಿ ಅಂತ ಪಾಪ ಅನ್ಸಿ ತಪಲೆ ತುಂಬ ಅನ್ನ, ಮುದ್ದೆ, ಛತ್ರದಲ್ಲಿ ಮಿಕ್ಕಿದ್ದು ಸುರಿಯೋರಿದಾರೆ, ದಯವಿಟ್ಟು ಬೇಡ, ಹೊಟ್ಟೇಲಿ ಹುಳಿ ಆಗಿ ಮೆಲುಕು ನಿಂತು ಒಂದೆರಡು ದಿನದಲ್ಲೇ ಸತ್ತೋಗ್ಬೋದು. ಬೆಲ್ಲ ಹಾಕಿದ ಬೆಚ್ಚಗಿನ ನೀರು, ತೆಳ್ಳನೆ ರಾಗಿ ಗಂಜಿ ಸ್ವಲ್ಪ, ಮಿಕ್ಕಿದ್ದೆಲ್ಲ ಸೊಪ್ಪು. ಹಲಸಿನ ಸೊಪ್ಪು, ಅಗಸೆ, ಹಿಪ್ಪುನೇರಳೆ, ಜೊತೆಗೆ ಹುರುಳಿ ಹೊಟ್ಟು. ಬೂಸ, ಜೋಳದ ನುಚ್ಚು, ಹಿಂಡಿ ಎಲ್ಲ ದಿನಕ್ಕಿಷ್ಟು ಅಂತ ನಿಧಾನಕ್ಕೆ ಏರಿಸಿ, ಖನಿಜ ಮಿಶ್ರಣ ಮರೀಬೇಡಿ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಒಳಗೆ ಬೆಳ್ಳಗಿದ್ರೆ ರಕ್ತ ಕಮ್ಮಿ, ಜಂತುಹುಳ ಇರ್ಬೋದು, ಹಿಕ್ಕೆ ಪರೀಕ್ಷೆ ಮಾಡ್ಸಿ ಔಷಧಿ ಕೊಡಿ.

ಹೋತದ ವಿಷ್ಯ. ಆರಾಮಾಗಿ ಹೆತ್ತ ಮೇಕೇನೇ ಎರಡು ಮೂರು ತಿಂಗಳು ಬಿಟ್ಟು ಕೊಡಿಸೋದು, ನಿಮ್ಮದಕ್ಕೆ ನಾಲ್ಕು ತಿಂಗಳಾದ್ರೂ ಇರ್ಲಿ, ಆದ್ರೆ ಕ್ಯಾಲೆಂಡರ್ ನೋಡಿ ಬಿಡ್ಬೇಡಿ, ಮೇಕೆ ನೋಡಿ ಬಿಡಿ. ಬೆನ್ನ ಮೂಳೆ ಮೇಲೆ ಕೈ ಆಡಿಸಿ, ಚೂಪಾಗಿ ಚುಚ್ಚಿದ್ರೆ ಇನ್ನೂ ಬೇಡ, ಮಾಂಸ ತುಂಬ್ಕೊಂಡು ಒತ್ತಿದ್ರೆ ಮಾತ್ರ ಮೂಳೆ ಸಿಗೋ ತರ ಆಗ್ಲಿ, ಮರಿ ಹಾಲು ಬಿಟ್ಟಿರ್ಲಿ, ಬೆದೇಲಿ ಬರೋ ಲೋಳೆ ನೀರಿನ ತರ ತಿಳಿಯಾಗಿರ್ಲಿ. ಶುರುವಲ್ಲಿ ತಿಳಿಯಾಗಿದ್ದು ಕೊನೇಲಿ ಸ್ವಲ್ಪ ಬೆಳ್ಳಗಾದ್ರೆ ಸರಿ, ಆದ್ರೆ ಕೀವು ಕೀವಾಗಿ ನಾರ್ತಿದ್ರೆ ಆ ಬೆದೆ ಬಿಟ್ಬಿಡಿ, ಡಾಕ್ಟ್ರಿಗೆ ತೋರ್ಸಿ. ಬಿಡೋಕೆ ಎರಡು ಮೂರು ವಾರ ಮುಂಚೆಯಿಂದ ದಿನಾ 200-250 ಗ್ರಾಂ ಧಾನ್ಯ ಜಾಸ್ತಿ ಕೊಡಿ.

ಒಂದು ಮಾತು, ಉಳಿದಿರೋದು ಗಂಡು ಮರಿ ಆಗಿದ್ರೆ ಮೂರು ತಿಂಗಳಿಗೇ ಬೇರೆ ಕಟ್ಟಿ, ನಾಲ್ಕು ತಿಂಗಳ ಹೋತಮರಿ ತಾಯೀನೂ ಬಿಡಲ್ಲ, ನೀವು ಹಾಕಿದ ಲೆಕ್ಕವೆಲ್ಲ ಮಣ್ಣುಪಾಲು. ಹೋತ ಆರಿಸೋವಾಗ ಮೇಕೆ ಅಳತೆಯ ನಾಟೀನೇ ನೋಡಿ. ಬಿಟ್ಟ ದಿನ ಗೋಡೆ ಮೇಲೆ ಬರ್ದಿಡಿ, ಅಲ್ಲಿಂದ 150 ದಿನಕ್ಕೆ ಹೆರಿಗೆ, 145 ದಾಟಿದ್ಮೇಲೆ ಊರಿಗೆ ಹೋಗೋ ಪ್ಲಾನ್ ಇಟ್ಕೋಬೇಡಿ. ಜೋರಾಗಿ ಮುಕ್ಕೋಕೆ ಶುರು ಮಾಡಿ ಅರ್ಧ ಮುಕ್ಕಾಲು ಗಂಟೆ ಆದ್ರೂ ಏನೂ ಕಾಣ್ಲಿಲ್ಲ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ದೆ ಆವಾಗ್ಲೇ ಡಾಕ್ಟ್ರಿಗೆ ಫೋನ್ ಮಾಡಿ.