ಎನ್‌ಪಿ (ನರ್ಸ್ ಪ್ರಾಕ್ಟಿಷನರ್) ಆಗ್ಬೇಕು, ಮೊದಲ ಕೆಲಸ ಐಸಿಯುನಾ ಮೆಡ್-ಸರ್ಜಾ?

ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಯ್ತು, ಮುಂದೆ ಎಫ್‌ಎನ್‌ಪಿ (ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್, ಅಂದ್ರೆ ಎಲ್ಲಾ ವಯಸ್ಸಿನವರನ್ನೂ ಪರೀಕ್ಷೆ ಮಾಡಿ ಔಷಧಿ ಬರೆಯೋ ನರ್ಸ್) ಮಾಡಿ ಕ್ಲಿನಿಕ್‌ನಲ್ಲಿ ಕೆಲಸ ಮಾಡೋ ಆಸೆ, ಕೈಯಲ್ಲಿ ಮೆಡ್-ಸರ್ಜ್ (ಸಾಮಾನ್ಯ ವಾರ್ಡ್) ಆಫರ್ ಇದೆ, ಆದ್ರೆ ಎಲ್ರೂ ಐಸಿಯುಗೆ ಹೋಗು ಅಂತಿದ್ದಾರೆ, ಏನ್ ಮಾಡ್ಲಿ ಅಂತ ಕೇಳಿದ್ದೀರ. ಇದನ್ನ ನೀವು ಬರ್ದಿದ್ದಾ ಇಲ್ಲ ಹಳೇ ನಾನೇ ಬರ್ದಿದ್ದಾ ಅಂತ ಎರಡು ಸಲ ಓದ್ದೆ.

ನನಗೂ ಇಲ್ಲಿ ಅಮೆರಿಕದಲ್ಲಿ ಮೊದಲು ಸಿಕ್ಕಿದ್ದು ಮೆಡ್-ಸರ್ಜೇ. ಐದು ಪೇಷಂಟು, ಕೆಲವು ದಿನ ಆರು, ಬೆಳಗ್ಗೆ ಒಂಬತ್ತರ ಮಾತ್ರೆ ಕೊಟ್ಟು ಮುಗಿಸೋಷ್ಟರಲ್ಲಿ ಹನ್ನೊಂದು, ಮಧ್ಯೆ ಇಬ್ಬರ ಡಿಸ್ಚಾರ್ಜು, ಬೆಡ್ ಖಾಲಿ ಆಗ್ತಿದ್ದ ಹಾಗೇ ಹೊಸ ಅಡ್ಮಿಶನ್ನು, ಕಾಲ್ ಲೈಟಂತೂ ಆರೋದೇ ಇಲ್ಲ. ಇಷ್ಟು ಓದಿ ಸಪ್ಲೈಯರ್ ಕೆಲಸ ಮಾಡ್ತಿದ್ದೀನಲ್ಲಾ ಅನ್ನಿಸ್ತಿತ್ತು. ಏಳನೇ ತಿಂಗಳಿಗೆ ಐಸಿಯುಗೆ ಟ್ರಾನ್ಸ್‌ಫರ್ ತಗೊಂಡು ಓಡಿದೆ.

ಅಲ್ಲಿ ಎರಡೇ ಪೇಷಂಟು. ವೆಂಟಿಲೇಟರು, ಬಿಪಿ ನೋಡೋಕೆ ರಕ್ತನಾಳದೊಳಗೇ ಹಾಕೋ ಆರ್ಟ್ ಲೈನು, ಬಿಪಿ ಏರಿಸೋ ಲೆವೊಫೆಡ್ ಡ್ರಿಪ್ ಏರಿಸಿ ಇಳಿಸಿ ಮ್ಯಾಪ್ (ಸರಾಸರಿ ಬಿಪಿ) 65ರ ಕೆಳಗೆ ಹೋಗದ ಹಾಗೆ ನೋಡ್ಕೊಳ್ಳೋದು. ಜಂಭ ಬಂತು, ಸುಳ್ಳು ಯಾಕೆ ಹೇಳ್ಲಿ. ಫ್ಲೋರ್‌ನ, ಅಂದ್ರೆ ಸಾಮಾನ್ಯ ವಾರ್ಡ್‌ನ ನರ್ಸ್‌ಗಳು ಫೋನಲ್ಲಿ ರಿಪೋರ್ಟ್ ಕೊಡ್ವಾಗ ನಾನು ಅವರ ಹತ್ರ ಮಾತಾಡ್ತಿದ್ದ ಧಾಟಿ ನೆನೆಸ್ಕೊಂಡ್ರೆ ಈಗ ನಾಚಿಕೆ ಆಗುತ್ತೆ. ಮೂರೂವರೆ ವರ್ಷ ಹಾಗೇ ಮೆರೆದು ಎಫ್‌ಎನ್‌ಪಿ ಸೇರಿದೆ.

ಕ್ಲಿನಿಕಲ್, ಅಂದ್ರೆ ಪೇಷಂಟ್‌ಗಳನ್ನ ನೋಡಿ ಕಲಿಯೋ ತರಬೇತಿ, ಶುರುವಾದ ಎರಡನೇ ವಾರ, ಐವತ್ತು ದಾಟಿದ ಹೆಂಗಸು, ಐದು ವಾರದಿಂದ ಒಣಕೆಮ್ಮು. ಜ್ವರ ಇಲ್ಲ, ಕಫ ಇಲ್ಲ, ಲಂಗ್ಸ್ ಕ್ಲಿಯರ್ರು, ಸ್ಯಾಟ್ (ರಕ್ತದ ಆಕ್ಸಿಜನ್) 98. ನಾನು ಹೊರಗೆ ಬಂದು ನನಗೆ ತರಬೇತಿ ಕೊಡ್ತಿದ್ದ ಪ್ರಿಸೆಪ್ಟರ್‌ಗೆ ಎಕ್ಸ್‌ರೇ ಅಂದೆ, ಸಿಬಿಸಿ ರಕ್ತಪರೀಕ್ಷೆ ಅಂದೆ, ಪಲ್ಮನರಿ ಎಂಬಾಲಿಸಮ್ (ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರೋದು) ಇರ್ಬಹುದು ಸಿಟಿ ಮಾಡ್ಸೋಣ್ವಾ ಅಂತಾನೂ ಅಂದೆ. ಅವರು ಕೇಳಿದ್ದು ಒಂದೇ, ಆಯಮ್ಮ ಮನೇಲಿ ಏನೇನು ಮಾತ್ರೆ ತಗೋತಾರೆ? ಲಿಸ್ಟ್ ಸ್ಕ್ರೀನ್ ಮೇಲೇ ಇತ್ತು. ಲಿಸಿನೊಪ್ರಿಲ್ ಅನ್ನೋ ಬಿಪಿ ಮಾತ್ರೆ, ಎರಡು ತಿಂಗಳ ಹಿಂದೆ ಶುರು ಮಾಡಿದ್ದು. ನಾನೇ ಜೋರಾಗಿ ಓದಿದೆ, ಓದಿದ ಮೇಲೂ ತಲೆಗೆ ಹೊಳೀಲಿಲ್ಲ! ಆ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತೆ ಅಂತ ಫಾರ್ಮಕಾಲಜಿ ಪರೀಕ್ಷೇಲಿ ಸರಿಯಾಗೇ ಬರ್ದಿದ್ದೆ. ಪ್ರಿಸೆಪ್ಟರ್ ಅದನ್ನ ಲೊಸಾರ್ಟಾನ್ ಅನ್ನೋ ಇನ್ನೊಂದು ಬಿಪಿ ಮಾತ್ರೆಗೆ ಬದಲಾಯಿಸಿದ್ರು, ಮುಂದಿನ ತಿಂಗಳು ಬಂದಾಗ ಕೆಮ್ಮು ಇರ್ಲಿಲ್ಲ.

ಯಾಕೆ ಹೊಳೀಲಿಲ್ಲ ಅಂತ ತುಂಬಾ ದಿನ ಯೋಚ್ನೆ ಮಾಡ್ದೆ. ಬಿಪಿ ಬಿದ್ದು ಐಸಿಯುಗೆ ಬಂದವರಿಗೆ ಮೊದಲು ನಿಲ್ಲಿಸೋದೇ ಮನೆಯ ಬಿಪಿ ಮಾತ್ರೆ, ಹಾಗಾಗಿ ಮೂರೂವರೆ ವರ್ಷ ನನ್ನ ಪಾಲಿಗೆ ಲಿಸಿನೊಪ್ರಿಲ್ ಅಂದ್ರೆ ಚಾರ್ಟಲ್ಲಿ 'ಹೋಲ್ಡ್' ಅಂತ ಕಾಣ್ತಿದ್ದ ಒಂದು ಸಾಲು ಅಷ್ಟೇ. ಅದನ್ನ ದಿನಾ ನುಂಗ್ಕೊಂಡು ಆಫೀಸಿಗೆ ಹೋಗೋ ಮನುಷ್ಯರನ್ನ ನಾನು ನೋಡೇ ಇರ್ಲಿಲ್ಲ. ನನ್ನ ಪೇಷಂಟ್‌ಗಳಲ್ಲಿ ಹೆಚ್ಚಿನವರು ಸೆಡೇಶನ್‌ನಲ್ಲಿ, ಬಾಯಲ್ಲಿ ಟ್ಯೂಬು, ಏನು ತೊಂದ್ರೆ ಅಂತ ಅವರು ಹೇಳೋ ಹಾಗೇ ಇಲ್ಲ, ನಾನು ಕೇಳೋ ಹಾಗೂ ಇಲ್ಲ, ಸ್ವಲ್ಪ ಚೇತರಿಸ್ಕೊಂಡ್ರೆ ಫ್ಲೋರ್‌ಗೆ ಕಳ್ಸೋದು, ಮನೆಗೆ ಕಳ್ಸಿದ್ದು ತೀರಾ ಅಪರೂಪ. ಮೆಡ್-ಸರ್ಜ್‌ನಲ್ಲಿ ಡಿಸ್ಚಾರ್ಜ್ ಮಾಡ್ವಾಗ ಒಂದು ಪೇಪರ್ ಇರುತ್ತಲ್ಲ, ಯಾವ ಮಾತ್ರೆ ಹೊಸದು, ಯಾವ್ದು ಮುಂದುವರ್ಸಿ, ಯಾವ್ದು ನಿಲ್ಸಿ ಅಂತ, ಅದನ್ನ ಪಕ್ಕ ಕೂತು ವಿವರಿಸೋದೇ ಕ್ಲಿನಿಕ್ ಕೆಲಸದ ಅ ಆ ಇ ಈ. ನಾನದನ್ನ ಗುಮಾಸ್ತನ ಕೆಲಸ ಅಂದ್ಕೊಂಡು ಐದು ನಿಮಿಷಕ್ಕೆ ಮುಗಿಸಿ ಇಲ್ಲಿ ಸೈನ್ ಹಾಕಿ ಅಂತಿದ್ದೆ. ನನಗೆ ಬೇಕಾಗಿದ್ದು ಅಲ್ಲೇ ಇತ್ತು, ಚಿಕ್ಕ ಕೆಲಸ ಅಂತ ಬಿಟ್ಟು ಓಡಿದ್ದೆ. ಆ ಕ್ಲಿನಿಕಲ್ ಕೋರ್ಸನ್ನ ಮತ್ತೆ ಮಾಡ್ಬೇಕಾಯ್ತು, ಒಂದು ಸೆಮಿಸ್ಟರ್ ಹೋಯ್ತು, ಫೀಸು ಎರಡು ಸಲ.

ಅದಕ್ಕೇ ಹೇಳೋದು, ಯಾವ ಯೂನಿಟ್ಟು ಅನ್ನೋ ಪ್ರಶ್ನೇನೇ ಉಲ್ಟಾ. ಇಲ್ಲಿ ಎನ್‌ಪಿ ಓದು, ಸರ್ಟಿಫಿಕೇಶನ್ ಎಲ್ಲಾ ಯಾವ ಪೇಷಂಟ್‌ಗಳನ್ನ ನೋಡ್ತೀರ ಅನ್ನೋದರ ಮೇಲೇ ನಿಂತಿದೆ. ಆಸ್ಪತ್ರೇಲಿ ಸೀರಿಯಸ್ ಕೇಸ್ ನೋಡೋ ಆಸೆ ಇದ್ರೆ ಅಕ್ಯೂಟ್ ಕೇರ್ ಎನ್‌ಪಿ, ಆಗ ಕಣ್ಮುಚ್ಕೊಂಡು ಐಸಿಯುಗೆ ಹೋಗಿ. ನವಜಾತ ಶಿಶುಗಳ ಕಡೆ ಹೋಗೋರಿಗೆ ಎನ್‌ಐಸಿಯುನಲ್ಲಿ ಎರಡು ವರ್ಷ ಕೇಳ್ತಾರೆ. ಎಫ್‌ಎನ್‌ಪಿ ಮಾಡಿ ಐಸಿಯುನಲ್ಲೇ ಇರ್ತೀನಿ ಅಂದ ನನ್ನ ಫ್ರೆಂಡ್‌ಗೆ ಕೆಲಸ ಕೊಡ್ಲಿಲ್ಲ, ಇನ್ನೊಂದು ಸರ್ಟಿಫಿಕೇಟ್ ಮಾಡ್ಕೊಂಡು ಬಾ ಅಂದ್ರು. ಐಸಿಯು ಇಲ್ದೆ ಆಗಲ್ಲ ಅನ್ನೋ ಮಾತು ಅನಸ್ತೇಶಿಯಾ ಕಡೆಯಿಂದ ಬಂದಿದ್ದು ಅಂತ ನನ್ನ ಅಂದಾಜು, ಅನಸ್ತೇಶಿಯಾ ಕೊಡೋ ನರ್ಸ್, ಅಂದ್ರೆ ಸಿಆರ್‌ಎನ್‌ಎ ಆಗೋಕೆ ಒಂದು ವರ್ಷ ಕ್ರಿಟಿಕಲ್ ಕೇರ್ ಕಡ್ಡಾಯ. ಅದನ್ನ ಎಲ್ರಿಗೂ ಅಂಟಿಸ್ತಾರೆ.

ಎನ್‌ಪಿ ಓದೋಕೆ ಮುಂಚೆ ನರ್ಸ್ ಆಗಿ ಎಷ್ಟು ವರ್ಷ ಅಂದ್ರೆ, ಎರಡಕ್ಕಿಂತ ಕಮ್ಮಿ ಬೇಡ. ಅನುಭವ ಇಲ್ದೇನೇ ಸೇರಿಸ್ಕೊಳ್ಳೋ ಕಾಲೇಜ್‌ಗಳಿವೆ, ನನಗಂತೂ ಅದು ಸರಿ ಕಾಣಲ್ಲ. ಇಲ್ಲಿನ ಎನ್‌ಪಿ ಶಿಕ್ಷಣದ 2022ರ ಮಾನದಂಡದ ಪ್ರಕಾರ ಓದ್ವಾಗ ಕನಿಷ್ಠ 750 ಗಂಟೆ ಕ್ಲಿನಿಕಲ್. ವಾರಕ್ಕೆ ಮೂರು ಶಿಫ್ಟು, 36 ಗಂಟೆ ಲೆಕ್ಕ ಹಾಕಿ, ಐದು ತಿಂಗಳೂ ತುಂಬಲ್ಲ, ಅಷ್ಟರಲ್ಲಿ ಏನು ತಾನೇ ಕಲೀತೀರ? ಉಳಿದಿದ್ದನ್ನ ಮುಂಚೆನೇ ಹೊತ್ಕೊಂಡು ಬರ್ಬೇಕು. ಡಾಕ್ಟರ್ ನೋಟ್ ಓದೋಕೆ ಮುಂಚೆ ಏನಿರ್ಬಹುದು ಅಂತ ನೀವೇ ಊಹೆ ಮಾಡಿ, ಮನೆ ಮಾತ್ರೆಗಳ ಲಿಸ್ಟಲ್ಲಿ ಪ್ರತಿಯೊಂದಕ್ಕೂ ಇದು ಯಾಕೆ ಅಂತ ಪೇಷಂಟನ್ನೇ ಕೇಳಿ, ಅರ್ಧ ಜನಕ್ಕೆ ಗೊತ್ತೇ ಇರಲ್ಲ, ಅದೂ ಒಂದು ಪಾಠ. ಆಮೇಲೆ ಹೋಮ್ ಹೆಲ್ತ್ (ಪೇಷಂಟ್ ಮನೆಗೇ ಹೋಗಿ ನೋಡೋ ಕೆಲಸ) ಸಿಕ್ಕಿದ್ರೆ ಬಿಡ್ಬೇಡಿ.

ಆಫರ್‌ಗೆ ಸೈನ್ ಮಾಡಿ. ನೈಟ್ ಶಿಫ್ಟ್ ಅಂದಿದ್ರೆ ಮಾತ್ರ ಡೇ ಯಾವಾಗ ಸಿಗುತ್ತೆ ಅಂತ ಈಗಲೇ ಕೇಳ್ಕೊಳ್ಳಿ, ಡಿಸ್ಚಾರ್ಜ್‌ಗಳೆಲ್ಲ ನಡೆಯೋದು ಹಗಲಲ್ಲೇ.